ಶೇರ್ಡ್ ಮೇಲ್‌ಬಾಕ್ಸ್: ಓದುವವರು ಯಾರು, ಕಳಿಸುವವರು ಯಾರು

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಐಟಿ ಕೆಲಸವನ್ನು ನಾನು ನೋಡಿಕೊಳ್ಳುತ್ತಿದ್ದ ಕಾಲ. ಖರೀದಿ ವಿಭಾಗಕ್ಕೆ ಇದ್ದದ್ದು ಒಂದೇ ಮೇಲ್ ಐಡಿ, ಅದನ್ನು ತೆರೆಯುವವರು ಏಳು ಮಂದಿ. ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು ಮಾನಿಟರಿನ ಕೆಳಗೆ ಅಂಟಿಸಿದ್ದರು. ಒಂದು ಬೆಳಗ್ಗೆ ಸರಬರಾಜುದಾರರೊಬ್ಬರ ಫೋನ್ ಬಂತು: "ಸರ್, ಆರ್ಡರ್ ಕ್ಯಾನ್ಸಲ್ ಅಂತ ನಿಮ್ಮ ಆಫೀಸಿಂದಾನೇ ಮೇಲ್ ಬಂದಿದೆ. ನಾವು ಆಗಲೇ ಮಾಲು ಲಾರಿಗೆ ಹಾಕಿಬಿಟ್ಟಿದ್ದೀವಲ್ಲ?" ಏಳೂ ಮಂದಿಯನ್ನು ಕೇಳಿದೆವು. ಏಳೂ ಮಂದಿ "ನಾನಲ್ಲ" ಎಂದರು. ಸರ್ವರಿನ ದಾಖಲೆಯಲ್ಲೂ ಇದ್ದದ್ದು ಒಂದೇ ಹೆಸರು, ಖರೀದಿ ವಿಭಾಗ. ತಪ್ಪು ಮಾಡಿದವರು ಕೊನೆಗೂ ಸಿಗಲಿಲ್ಲ. ಏನೂ ಮಾಡದ ಆರು ಮಂದಿ ತಿಂಗಳುಗಟ್ಟಲೆ ಅನುಮಾನ ಹೊತ್ತುಕೊಂಡು ಕೆಲಸ ಮಾಡಿದರಲ್ಲ, ನನಗೆ ಇವತ್ತಿಗೂ ಚುಚ್ಚುವುದು ಅದು.

ಆಮೇಲೆ ಎಲ್ಲೇ ಕೆಲಸ ಮಾಡಿದರೂ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಹಂಚಲು ನಾನು ಬಿಟ್ಟಿಲ್ಲ. ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲೇ ಅನುಮತಿ ಕೊಡುತ್ತೇನೆ. ಕಷ್ಟದ ಕೆಲಸವೇನಲ್ಲ, ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷದಲ್ಲಿ ಯಾವ ಗುಂಡಿ ಒತ್ತುತ್ತಿದ್ದೇವೆ ಎಂಬ ಎಚ್ಚರ ಬೇಕು.

ಹಳೆಯ ಕಚೇರಿಗಳ ಆವಕ-ಜಾವಕ ವಿಭಾಗ ನೆನಪಿಸಿಕೊಳ್ಳಿ. ಬಂದ ತಪಾಲನ್ನು ಅಲ್ಲಿನ ಗುಮಾಸ್ತರೆಲ್ಲ ಬಿಡಿಸಿ ಓದುತ್ತಿದ್ದರು, ಕಡತಕ್ಕೆ ಸೇರಿಸುತ್ತಿದ್ದರು. ಕಚೇರಿಯ ಮೊಹರು ಮಾತ್ರ ಮೇಲ್ವಿಚಾರಕರ ಡ್ರಾಯರಿನಲ್ಲಿ ಇರುತ್ತಿತ್ತು. ಬೀರುವಿನ ಕೀ ಇದ್ದವರಿಗೆಲ್ಲ ಮೊಹರು ಸಿಗುತ್ತಿರಲಿಲ್ಲ. ಹಲವರು ಒಟ್ಟಿಗೆ ಬಳಸುವ ಮೇಲ್‌ಬಾಕ್ಸಿಗೆ ಶೇರ್ಡ್ ಮೇಲ್‌ಬಾಕ್ಸ್ ಎನ್ನುತ್ತಾರೆ. ಅದರಲ್ಲೂ ಓದುವ ಅನುಮತಿ ಬೇರೆ, ಕಳಿಸುವ ಅನುಮತಿ ಬೇರೆ. ಇವೆರಡನ್ನೂ ಕಣ್ಣು ಮುಚ್ಚಿ ಒಟ್ಟಿಗೆ ಕೊಡುವ ಅಭ್ಯಾಸದಿಂದಲೇ ಹೆಚ್ಚಿನ ತೊಂದರೆ ಹುಟ್ಟುತ್ತದೆ.

ಇಲ್ಲಿ ಹೇಳುವ ಕ್ರಮ ಮೈಕ್ರೋಸಾಫ್ಟ್ 365ರ ಎಕ್ಸ್‌ಚೇಂಜ್ ಆನ್‌ಲೈನ್ ಎಂಬ ಮೇಲ್ ಸೇವೆಗೆ ಸೇರಿದ್ದು. ಕಚೇರಿಯಲ್ಲೇ ಎಕ್ಸ್‌ಚೇಂಜ್ ಸರ್ವರ್ ಇಟ್ಟುಕೊಂಡವರಿಗೆ ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ. ಎಕ್ಸ್‌ಚೇಂಜ್ 2016 ಮತ್ತು 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅವನ್ನೇ ನಡೆಸುತ್ತಿದ್ದರೆ ಅನುಮತಿಗಿಂತ ಮೊದಲು ಅದನ್ನು ಬದಲಾಯಿಸುವ ಮಾತು ಮಾಲೀಕರ ಕಿವಿಗೆ ಹಾಕಿ.

ಕೊಡುವ ಮುನ್ನ ಕೇಳಬೇಕಾದ್ದು

ಬೇಡಿಕೆ ಬರುವುದು ಸಾಮಾನ್ಯವಾಗಿ ಕಾರಿಡಾರಿನಲ್ಲಿ, ಕೈಯಲ್ಲಿ ಕಾಫಿ ಲೋಟ ಇರುವಾಗ. "ಸರ್, ನನಗೂ ಅಕೌಂಟ್ಸ್ ಮೇಲ್ ಬರೋ ಹಾಗೆ ಮಾಡಿಕೊಡಿ, ಅರ್ಜೆಂಟು." ಇಲ್ಲ ಎನ್ನುವುದು ಬೇಡ. "ಒಂದು ಮೇಲ್ ಹಾಕಿಬಿಡಿ, ನಿಮ್ಮ ಮೇಡಂ ಅವರನ್ನೂ ಅದರಲ್ಲಿ ಸೇರಿಸಿ" ಎಂದರೆ ಸಾಕು. ಆ ಮೇಲ್‌ನಲ್ಲಿ ನಾಲ್ಕು ವಿಷಯ ಇರಲಿ: ಯಾವ ಮೇಲ್‌ಬಾಕ್ಸ್, ಯಾರಿಗೆ, ಓದಲು ಮಾತ್ರವೋ ಕಳಿಸಲೂ ಬೇಕೋ, ಎಲ್ಲಿಯವರೆಗೆ.

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೆರಿಗೆ ರಜೆಗೆ ಹೋದವರ ಜಾಗದಲ್ಲಿ ಕೂತವರಿಗೆ ಆರು ತಿಂಗಳು ಸಾಕು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿಯಲ್ಲಿ ಒಂದು ವಾರಕ್ಕೆ ಕೇಳಿದ ಅನುಮತಿ ಮೂರು ವರ್ಷ ಉಳಿದುಬಿಟ್ಟಿದ್ದನ್ನು ನಾನು ನೋಡಿದ್ದೇನೆ.

ಒಪ್ಪಿಗೆ ಕೊಡಬೇಕಾದವರು ನಾವಲ್ಲ, ಆ ಮೇಲ್‌ಬಾಕ್ಸಿನ ಹೊಣೆ ಹೊತ್ತ ವಿಭಾಗದ ಮುಖ್ಯಸ್ಥರು. ಅದರಲ್ಲೂ ಎಚ್‌ಆರ್ ಮೇಲ್‌ಬಾಕ್ಸ್ ಎಂದರೆ ಸಂಬಳದ ಪಟ್ಟಿ, ಆಧಾರ್ ಪ್ರತಿ, ವೈದ್ಯರ ಸರ್ಟಿಫಿಕೇಟು, ಯಾರೋ ಅಳುತ್ತ ಬರೆದ ದೂರು, ಎಲ್ಲವೂ ಇರುವ ಜಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಇಂಥ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿದೆ. ಕಾಯ್ದೆ ಇಲ್ಲದಿದ್ದರೂ ಸಹೋದ್ಯೋಗಿಯ ಸಂಕಟ ಹತ್ತು ಮಂದಿಯ ಕಣ್ಣಿಗೆ ಬೀಳಬಾರದು ಎನ್ನುವುದು ನಮಗೆ ಗೊತ್ತಿರಬೇಕಲ್ಲವೇ.

ಮೇಲ್‌ಬಾಕ್ಸ್ ಸಿದ್ಧಪಡಿಸುವುದು

ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರಿಗೆ ಹೋಗಿ ರೆಸಿಪಿಯೆಂಟ್ಸ್ ಕೆಳಗಿನ ಮೇಲ್‌ಬಾಕ್ಸಸ್ ತೆರೆಯಿರಿ. ಆ್ಯಡ್ ಎ ಶೇರ್ಡ್ ಮೇಲ್‌ಬಾಕ್ಸ್ ಒತ್ತಿ, ಹೆಸರು, ವಿಳಾಸ ಕೊಡಿ, ಅಷ್ಟೇ. 50 ಜಿಬಿ ಒಳಗೆ ಇರುವವರೆಗೆ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಡ. ಅದನ್ನು ತೆರೆಯುವ ಒಬ್ಬೊಬ್ಬರಿಗೂ ತಮ್ಮದೇ ಲೈಸೆನ್ಸ್ ಇರುವ ಖಾತೆ ಬೇಕು. ಮಾಲೀಕರಿಗೆ ವಿಷಯ ತಿಳಿಸುವಾಗ ಈ ಲೈಸೆನ್ಸ್ ಮಾತನ್ನೇ ಮೊದಲು ಹೇಳಿ, ಬೇಗ ಒಪ್ಪುತ್ತಾರೆ.

ಈಗಾಗಲೇ ಏಳು ಮಂದಿ ಪಾಸ್‌ವರ್ಡ್ ಹಂಚಿಕೊಂಡು ನಡೆಸುತ್ತಿರುವ ಸಾಮಾನ್ಯ ಮೇಲ್‌ಬಾಕ್ಸ್ ಇದ್ದರೆ ಹೊಸದು ಬೇಕಿಲ್ಲ. ಅದನ್ನೇ ಆರಿಸಿ ಕನ್ವರ್ಟ್ ಟು ಶೇರ್ಡ್ ಮೇಲ್‌ಬಾಕ್ಸ್ ಒತ್ತಿದರೆ ಹಳೆಯ ಮೇಲ್‌ಗಳೆಲ್ಲ ಹಾಗೇ ಉಳಿಯುತ್ತವೆ.

ಬಹಳ ಮಂದಿ ಇಲ್ಲೇ ನಿಲ್ಲಿಸಿಬಿಡುತ್ತಾರೆ. ಪ್ರತಿ ಶೇರ್ಡ್ ಮೇಲ್‌ಬಾಕ್ಸಿನ ಹಿಂದೆಯೂ ಒಂದು ಬಳಕೆದಾರ ಖಾತೆ ಇರುತ್ತದೆ. ಸಾಮಾನ್ಯ ಮೇಲ್‌ಬಾಕ್ಸನ್ನು ಶೇರ್ಡ್ ಮಾಡಿದ ಮಾತ್ರಕ್ಕೆ ಹಳೆಯ ಪಾಸ್‌ವರ್ಡ್ ಸಾಯುವುದಿಲ್ಲ, ಹಳದಿ ಚೀಟಿ ಇನ್ನೂ ಕೆಲಸ ಮಾಡುತ್ತದೆ. ಆದ್ದರಿಂದ ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರಿನಲ್ಲಿ ಆ್ಯಕ್ಟಿವ್ ಯೂಸರ್ಸ್ ಪಟ್ಟಿಗೆ ಹೋಗಿ, ಆ ಖಾತೆಯ ಪಾಸ್‌ವರ್ಡ್ ಬದಲಾಯಿಸಿ, ಬ್ಲಾಕ್ ಸೈನ್-ಇನ್ ಕೂಡ ಹಾಕಿ. ಇನ್ನು ಮೇಲೆ ಆ ಖಾತೆಯಿಂದ ಯಾರೂ ನೇರವಾಗಿ ಒಳಗೆ ಬರುವಂತಿಲ್ಲ, ಎಲ್ಲರೂ ತಮ್ಮ ತಮ್ಮ ಬಾಗಿಲಿನಿಂದಲೇ ಬರಬೇಕು. ಆದರೆ ಅದಕ್ಕೆ ಮೊದಲು ಸುತ್ತ ಒಮ್ಮೆ ವಿಚಾರಿಸಿಕೊಳ್ಳಿ. ಸ್ಕ್ಯಾನರೋ, ಬಿಲ್ಲಿಂಗ್ ಸಾಫ್ಟ್‌ವೇರೋ ಅದೇ ಐಡಿ, ಅದೇ ಪಾಸ್‌ವರ್ಡಿನಲ್ಲಿ ಮೇಲ್ ಕಳಿಸುತ್ತಿದ್ದರೆ ಅದೂ ನಿಂತುಹೋಗುತ್ತದೆ.

ಮೂರು ಅನುಮತಿಗಳು

ಮೊದಲನೆಯದು ಫುಲ್ ಆ್ಯಕ್ಸೆಸ್. ಅಡ್ಮಿನ್ ಸೆಂಟರಿನಲ್ಲಿ ರೀಡ್ ಆ್ಯಂಡ್ ಮ್ಯಾನೇಜ್ ಎಂದು ಕಾಣುತ್ತದೆ. ಇದು ಬೀರುವಿನ ಕೀ. ಮೇಲ್‌ಬಾಕ್ಸ್ ತೆರೆಯಬಹುದು, ಓದಬಹುದು, ಫೋಲ್ಡರ್ ಮಾಡಬಹುದು, ಮೇಲ್ ಅಳಿಸಲೂಬಹುದು. ಓದಲಿ, ಅಳಿಸುವುದು ಬೇಡ ಎಂದು ಇದರಲ್ಲಿ ಬೇರ್ಪಡಿಸಲು ಬರುವುದಿಲ್ಲ. ಹೆಸರಿನಲ್ಲಿ ಫುಲ್ ಎಂದಿದ್ದರೂ ಇದೊಂದರಿಂದಲೇ ಆ ವಿಳಾಸದಿಂದ ಮೇಲ್ ಕಳಿಸಲು ಆಗುವುದಿಲ್ಲ. "ಫುಲ್ ಕೊಟ್ಟಿದ್ದೀರಿ, ಆದರೂ ಮೇಲ್ ಹೋಗ್ತಿಲ್ಲ" ಎಂಬ ಫೋನ್ ನಿಮಗೂ ಬಂದೇ ಬರುತ್ತದೆ.

ಎರಡನೆಯದು ಸೆಂಡ್ ಆ್ಯಸ್. ಇದು ಮೊಹರು. ಇದನ್ನು ಪಡೆದವರು ಕಳಿಸಿದ ಮೇಲ್ ಮೇಲ್‌ಬಾಕ್ಸಿನ ಹೆಸರಿನಲ್ಲೇ ಹೋಗುತ್ತದೆ, ಒಳಗಿನ ಮನುಷ್ಯ ಯಾರು ಎಂಬುದು ಮೇಲ್ ತಲುಪಿದವರಿಗೆ ಕಾಣುವುದಿಲ್ಲ. ಗ್ರಾಹಕರ ಎದುರು ಕಚೇರಿ ಒಂದೇ ಮುಖವಾಗಿ ಮಾತಾಡಬೇಕಾದ ಸೇಲ್ಸ್, ಸಪೋರ್ಟ್ ವಿಭಾಗಗಳಿಗೆ ಇದು ಸರಿ.

ಮೂರನೆಯದು ಸೆಂಡ್ ಆನ್ ಬಿಹಾಫ್. ಕನ್ನಡದಲ್ಲಿ ಇದಕ್ಕೆ ಮೊದಲಿಂದಲೂ ಒಳ್ಳೆಯ ಮಾತಿದೆ, ಪರವಾಗಿ. ಅಧಿಕಾರಿ ಊರಲ್ಲಿಲ್ಲದಾಗ ಕೆಳಗಿನವರು ಪತ್ರದ ಕೊನೆಗೆ 'ಪರವಾಗಿ' ಎಂದು ಬರೆದು ತಮ್ಮ ಸಹಿ ಹಾಕುತ್ತಾರಲ್ಲ, ಅದೇ ಇದು. ಮೇಲ್ ಪಡೆದವರಿಗೆ ಇಂಥವರು ಇಂಥ ವಿಭಾಗದ ಪರವಾಗಿ ಕಳಿಸಿದ್ದಾರೆ ಎಂದು ಎರಡೂ ಹೆಸರು ಕಾಣುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಹಣದ ಮಾತು ನಡೆಯುವ ಅಕೌಂಟ್ಸ್, ಖರೀದಿ ಮೇಲ್‌ಬಾಕ್ಸುಗಳಿಗೆ ಸೆಂಡ್ ಆನ್ ಬಿಹಾಫ್ ಒಳ್ಳೆಯದು. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಮೇಲ್ ಹೋದಾಗ ಎದುರಿನವರಿಗೆ ಒಂದು ಹೆಸರು ಕಂಡರೆ, ಫೋನ್ ಮಾಡಿ ಕೇಳಲು ಒಬ್ಬರು ಸಿಗುತ್ತಾರೆ. ಒಂದು ಎಚ್ಚರಿಕೆ: ಒಬ್ಬರಿಗೇ ಸೆಂಡ್ ಆ್ಯಸ್, ಸೆಂಡ್ ಆನ್ ಬಿಹಾಫ್ ಎರಡನ್ನೂ ಕೊಟ್ಟರೆ ಮೇಲ್ ಹೋಗುವುದು ಸೆಂಡ್ ಆ್ಯಸ್ ಆಗಿಯೇ, ಪರವಾಗಿ ಎಂಬುದು ಕಾಣುವುದಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಕೊಡಿ.

ಅನುಮತಿ ಕೊಡುವುದು

ಅದೇ ಮೇಲ್‌ಬಾಕ್ಸಸ್ ಪಟ್ಟಿಯಲ್ಲಿ ಬೇಕಾದ್ದನ್ನು ಆರಿಸಿದರೆ ಬಲಗಡೆ ವಿವರ ತೆರೆದುಕೊಳ್ಳುತ್ತದೆ. ಅಲ್ಲಿ ಡೆಲಿಗೇಷನ್ ಎಂಬ ಟ್ಯಾಬ್ ಇದೆ. ಮೂರೂ ಅನುಮತಿಗಳು ಅಲ್ಲಿ ಬೇರೆ ಬೇರೆ ಸಾಲಿನಲ್ಲಿವೆ. ಬೇಕಾದ್ದರ ಎದುರಿನ ಎಡಿಟ್ ಒತ್ತಿ, ಆ್ಯಡ್ ಮೆಂಬರ್ಸ್ ಮೂಲಕ ವ್ಯಕ್ತಿಯ ಹೆಸರು ಹುಡುಕಿ ಸೇರಿಸಿ, ಸೇವ್ ಮಾಡಿ. ಒಂದೇ ಹೆಸರಿನವರು ಇಬ್ಬರು ಮೂವರು ಇರುವ ಕಚೇರಿಯಲ್ಲಿ ಹೆಸರು ನೋಡಿ ಒತ್ತಬೇಡಿ, ಮೇಲ್ ವಿಳಾಸ ನೋಡಿ ಒತ್ತಿ.

ಆಜ್ಞೆ ಬರೆದು ಕೆಲಸ ಮಾಡಿಸುವ ಪವರ್‌ಶೆಲ್ ಬಲ್ಲವರಿಗೆ ಆಡ್-ಮೇಲ್‌ಬಾಕ್ಸ್‌ಪರ್ಮಿಷನ್ ಎಂಬ ಆಜ್ಞೆ ಫುಲ್ ಆ್ಯಕ್ಸೆಸ್ ಕೊಡುತ್ತದೆ. ಸೆಂಡ್ ಆ್ಯಸ್‌ಗೆ ಆಡ್-ರೆಸಿಪಿಯೆಂಟ್‌ಪರ್ಮಿಷನ್. ಪರವಾಗಿ ಕಳಿಸಲು ಸೆಟ್-ಮೇಲ್‌ಬಾಕ್ಸ್ ಆಜ್ಞೆಯ ಗ್ರಾಂಟ್‌ಸೆಂಡ್‌ಆನ್‌ಬಿಹಾಫ್‌ಟು. ಈ ಕೊನೆಯದರಲ್ಲಿ ಹೆಸರನ್ನು ಸುಮ್ಮನೆ ಬರೆದರೆ ಮೊದಲಿದ್ದವರೆಲ್ಲ ಅಳಿಸಿಹೋಗಿ ಹೊಸಬರು ಮಾತ್ರ ಉಳಿಯುತ್ತಾರೆ. ಆಡ್ ಎಂದು ಸೇರಿಸುವ ರೂಪದಲ್ಲೇ ಬರೆಯಬೇಕು. ಕಚೇರಿಯಲ್ಲೇ ಇರುವ ಎಕ್ಸ್‌ಚೇಂಜ್ ಸರ್ವರಿನಲ್ಲಿ ಸೆಂಡ್ ಆ್ಯಸ್ ಅನುಮತಿ ಬಳಕೆದಾರರ ಖಾತೆಗಳನ್ನು ಇಡುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ದಾಖಲಾಗುತ್ತದೆ, ಹಾಗಾಗಿ ಅಲ್ಲಿ ಆಡ್-ಎಡಿಪರ್ಮಿಷನ್ ಬಳಸಬೇಕು.

ಹತ್ತಾರು ಜನ ಇರುವ ವಿಭಾಗಕ್ಕೆ ಒಬ್ಬೊಬ್ಬರನ್ನೇ ಸೇರಿಸುವ ಬದಲು ಮೇಲ್ ಸೌಲಭ್ಯ ಇರುವ ಸೆಕ್ಯುರಿಟಿ ಗ್ರೂಪ್ ಮಾಡಿ, ಆ ಗುಂಪಿಗೆ ಅನುಮತಿ ಕೊಡಬಹುದು. ಬಂದವರನ್ನು ಗುಂಪಿಗೆ ಹಾಕುವುದು, ಹೋದವರನ್ನು ತೆಗೆಯುವುದು ಸುಲಭ. ಆದರೆ ಗುಂಪಿನ ಮೂಲಕ ಅನುಮತಿ ಪಡೆದವರ ಔಟ್‌ಲುಕ್‌ನಲ್ಲಿ ಮೇಲ್‌ಬಾಕ್ಸ್ ತಾನಾಗಿ ಬಂದು ಕೂರುವುದಿಲ್ಲ, ಅವರೇ ಸೇರಿಸಿಕೊಳ್ಳಬೇಕು. ಒಂದು ಮೇಲ್‌ಬಾಕ್ಸನ್ನು ಒಂದೇ ಸಮಯಕ್ಕೆ 25ಕ್ಕಿಂತ ಹೆಚ್ಚು ಮಂದಿ ತೆರೆಯಬಾರದು ಎಂದು ಮೈಕ್ರೋಸಾಫ್ಟ್ ಸಲಹೆ ಕೊಡುತ್ತದೆ. ಮೀರಿದರೆ ಸಂಪರ್ಕ ಆಗಾಗ ತಪ್ಪುತ್ತದೆ, ಒಂದೇ ಮೇಲ್ ಎರಡೆರಡು ಸಲ ಹೋಗುವುದೂ ಉಂಟು.

ಬಳಸುವವರ ಮೇಜಿನ ಮುಂದೆ

ಅನುಮತಿ ಕೊಟ್ಟ ತಕ್ಷಣ ಎದ್ದು ಹೋಗಬೇಡಿ, ಅವರ ಪಕ್ಕ ಐದು ನಿಮಿಷ ಕೂರಿ.

ಒಬ್ಬರ ಹೆಸರಿಗೆ ನೇರವಾಗಿ ಫುಲ್ ಆ್ಯಕ್ಸೆಸ್ ಕೊಟ್ಟರೆ ಕಂಪ್ಯೂಟರಿನ ಕ್ಲಾಸಿಕ್ ಔಟ್‌ಲುಕ್‌ನ ಎಡಗಡೆ ಪಟ್ಟಿಯಲ್ಲಿ ಶೇರ್ಡ್ ಮೇಲ್‌ಬಾಕ್ಸ್ ತಾನಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಆಟೋಮ್ಯಾಪಿಂಗ್ ಎನ್ನುತ್ತಾರೆ. ತಕ್ಷಣ ಬರಲಿಲ್ಲವೆಂದು ಗಾಬರಿಯಾಗಬೇಡಿ, ಒಂದು ಗಂಟೆ ಹಿಡಿಯಬಹುದು. ಊಟಕ್ಕೆ ಹೋಗುವ ಮುಂಚೆ ಕೊಟ್ಟು, ಬಂದ ಮೇಲೆ ಔಟ್‌ಲುಕ್ ಮುಚ್ಚಿ ಮತ್ತೆ ತೆರೆಯಲು ಹೇಳುವುದು ನನ್ನ ರೂಢಿ. ಬ್ರೌಸರಿನ ಔಟ್‌ಲುಕ್‌ನಲ್ಲಾದರೆ ಫೋಲ್ಡರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಶೇರ್ಡ್ ಫೋಲ್ಡರ್ ಅಥವಾ ಮೇಲ್‌ಬಾಕ್ಸ್ ಸೇರಿಸುವ ಆಯ್ಕೆ ಒತ್ತಿ ವಿಳಾಸ ಬರೆಯಬೇಕು. ಮೊಬೈಲ್ ಔಟ್‌ಲುಕ್‌ನಲ್ಲೂ ಖಾತೆ ಸೇರಿಸುವ ಜಾಗದಲ್ಲೇ ಆ್ಯಡ್ ಶೇರ್ಡ್ ಮೇಲ್‌ಬಾಕ್ಸ್ ಇದೆ.

ಮ್ಯಾನೇಜರುಗಳ ಲ್ಯಾಪ್‌ಟಾಪಿನಲ್ಲಿ ಆಟೋಮ್ಯಾಪಿಂಗ್ ಕಾಟವಾಗುತ್ತದೆ. ಆರು ಮೇಲ್‌ಬಾಕ್ಸುಗಳ ಅನುಮತಿ ಇದ್ದರೆ ಆರೂ ಬಂದು ಕೂರುತ್ತವೆ. ಅವುಗಳ ಮೇಲ್‌ಗಳೆಲ್ಲ ಡಿಸ್ಕಿಗೆ ಇಳಿಯಲು ಶುರುವಾಗಿ, ಔಟ್‌ಲುಕ್ ತೆವಳುತ್ತದೆ. ಅಂಥವರಿಗೆ ಪವರ್‌ಶೆಲ್ ಮೂಲಕ, ಆಟೋಮ್ಯಾಪಿಂಗ್ ಬೇಡ ಎಂದು ನಮೂದಿಸಿ ಅನುಮತಿ ಕೊಡಿ. ಮೊದಲೇ ಕೊಟ್ಟಿದ್ದರೆ ತಿದ್ದಲು ಬರುವುದಿಲ್ಲ, ತೆಗೆದು ಮತ್ತೆ ಕೊಡಬೇಕು.

ಈಗ ಕಳಿಸಿ ನೋಡುವ ಪರೀಕ್ಷೆ. ಹೊಸ ಮೇಲ್ ತೆರೆದು, ಆಪ್ಷನ್ಸ್‌ನಲ್ಲಿ ಫ್ರಮ್ ಸಾಲು ಕಾಣುವಂತೆ ಮಾಡಿ, ಶೇರ್ಡ್ ವಿಳಾಸವನ್ನು ಆರಿಸಿ, ನಿಮ್ಮದೇ ವೈಯಕ್ತಿಕ ಮೇಲ್‌ಗೆ ಒಂದು ಕಳಿಸಿ. ಹೊರಗಿನವರ ಕಣ್ಣಿಗೆ ಹೆಸರು ಹೇಗೆ ಕಾಣುತ್ತದೆ ಎಂದು ನೋಡಿ. ಅನುಮತಿ ಇಲ್ಲ ಎಂದು ಮೇಲ್ ಹಿಂದಿರುಗಿದರೆ, 5.7.60 ಎಂಬ ಸಂಖ್ಯೆ ಕಂಡರೆ, ಮೊದಲು ಬ್ರೌಸರಿನಿಂದ ಪ್ರಯತ್ನಿಸಿ. ಅಲ್ಲಿಂದ ಹೋದರೆ ಸರ್ವರಿನಲ್ಲಿ ದೋಷವಿಲ್ಲ. ಕಂಪ್ಯೂಟರಿನ ಔಟ್‌ಲುಕ್ ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡಿರುತ್ತದೆ. ಫ್ರಮ್ ಪಟ್ಟಿಯಲ್ಲಿರುವ ಆ ಹೆಸರನ್ನು ಅಳಿಸಿ, ಅಡ್ರೆಸ್ ಬುಕ್ಕಿನಿಂದ ಹೊಸದಾಗಿ ಆರಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಜಾವಕದ ಪ್ರತಿ ಎಲ್ಲಿ?

ಕಚೇರಿಯಿಂದ ಹೊರಟ ಪ್ರತಿ ಪತ್ರಕ್ಕೂ ಒಂದು ಕಚೇರಿ ಪ್ರತಿ ಇರಬೇಕು ಎಂಬುದು ಹಳೆಯ ನಿಯಮ. ಶೇರ್ಡ್ ಮೇಲ್‌ಬಾಕ್ಸಿನಲ್ಲಿ ಅದು ತಾನಾಗಿ ಆಗುವುದಿಲ್ಲ. ಸಾಮಾನ್ಯವಾಗಿ ಕಳಿಸಿದ ಮೇಲ್‌ನ ಪ್ರತಿ ಕಳಿಸಿದವರ ಸ್ವಂತ ಸೆಂಟ್ ಐಟಮ್ಸ್‌ನಲ್ಲಿ ಮಾತ್ರ ಕೂರುತ್ತದೆ. ಗ್ರಾಹಕರಿಗೆ ಒಬ್ಬರು ಉತ್ತರಿಸಿದ್ದು ಇನ್ನೊಬ್ಬರಿಗೆ ಕಾಣದೆ ಅವರೂ ಉತ್ತರಿಸುತ್ತಾರೆ, ಅದೂ ಬೇರೆ ದರ ಹೇಳಿ. ಕಳಿಸಿದವರು ಕೆಲಸ ಬಿಟ್ಟ ದಿನ ಪತ್ರವ್ಯವಹಾರವೂ ಅವರ ಜೊತೆಗೇ ಹೊರಟುಹೋಗುತ್ತದೆ.

ಇದನ್ನು ಸರಿಪಡಿಸಲು ಮೇಲ್‌ಬಾಕ್ಸಿನ ವಿವರದಲ್ಲಿ ಸೆಂಟ್ ಐಟಮ್ಸ್ ನಿರ್ವಹಣೆಯ ಆಯ್ಕೆಗಳಿವೆ. ಸೆಂಡ್ ಆ್ಯಸ್ ಆಗಿ ಹೋದವುಗಳ ಪ್ರತಿಗೆ ಒಂದು, ಪರವಾಗಿ ಹೋದವುಗಳ ಪ್ರತಿಗೆ ಇನ್ನೊಂದು. ಎರಡನ್ನೂ ಆನ್ ಮಾಡಿ. ಆನ್ ಮಾಡಿದ ದಿನದಿಂದ ಮಾತ್ರ ಪ್ರತಿ ಉಳಿಯುತ್ತದೆ, ಹಿಂದಿನವು ಬರುವುದಿಲ್ಲ. ಆದ್ದರಿಂದ ಮೊದಲ ದಿನವೇ ಈ ಕೆಲಸ ಮುಗಿಸಿ.

ಒಂದೇ ಫೋಲ್ಡರ್ ಸಾಕಾದವರಿಗೆ

ವರ್ಷಕ್ಕೊಮ್ಮೆ ಬಂದು ಕೂರುವ ಒಳ ಆಡಿಟ್‌ನವರಿಗೆ ಇಡೀ ಅಕೌಂಟ್ಸ್ ಮೇಲ್‌ಬಾಕ್ಸ್ ಯಾಕೆ? ಬೇಕಾದ ಫೋಲ್ಡರಿಗೆ ಮಾತ್ರ ರಿವ್ಯೂವರ್ ಅನುಮತಿ ಕೊಟ್ಟರೆ ಓದುತ್ತಾರೆ, ಏನನ್ನೂ ಅಳಿಸಲಾರರು. ಆದರೆ ಮೇಲಿನ ಹಂತದ ಫೋಲ್ಡರುಗಳು ಕಾಣದಿದ್ದರೆ ಒಳಗಿನದಕ್ಕೆ ದಾರಿಯೇ ಸಿಗುವುದಿಲ್ಲ. ಅವುಗಳಿಗೆ ಫೋಲ್ಡರ್ ವಿಸಿಬಲ್ ಎಂಬಷ್ಟನ್ನು ಕೊಡಬೇಕು. ಹೊರಗಿನ ಲೆಕ್ಕಪರಿಶೋಧಕರ ಸ್ವಂತ ಮೇಲ್ ಐಡಿಗೆ ಈ ಯಾವ ಅನುಮತಿಯನ್ನೂ ಕೊಡಲಾಗದು. ಶೇರ್ಡ್ ಮೇಲ್‌ಬಾಕ್ಸ್ ಸಂಸ್ಥೆಯ ಒಳಗಿನ ಖಾತೆಗಳಿಗೆ ಮಾತ್ರ. ಅವರಿಗೆ ಬೇಕಾದ ಮೇಲ್‌ಗಳನ್ನು ಆರಿಸಿ ಕಳಿಸಿಕೊಡುವುದೇ ನೇರ ದಾರಿ.

ಜಿಮೇಲ್, ಜಿಂಬ್ರಾ ಬಳಸುವವರಿಗೆ

ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಇದಕ್ಕೆ ಮೇಲ್ ಡೆಲಿಗೇಷನ್ ಎನ್ನುತ್ತಾರೆ. ಅಡ್ಮಿನ್ ಕನ್ಸೋಲಿನಲ್ಲಿ ಮೊದಲು ಅದನ್ನು ತೆರೆದಿಟ್ಟು, ಆಮೇಲೆ ಆ ಖಾತೆಯ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಡೆಲಿಗೇಟ್ ಸೇರಿಸಬೇಕು. ಅಲ್ಲಿ ಕೀ ಮತ್ತು ಮೊಹರು ಬೇರೆಯಾಗಿಲ್ಲ, ಡೆಲಿಗೇಟ್ ಆದವರು ಓದುತ್ತಾರೆ, ಕಳಿಸುತ್ತಾರೆ, ಅಳಿಸುತ್ತಾರೆ. ಆದ್ದರಿಂದ ಜಿಮೇಲ್‌ನಲ್ಲಿ ಹೆಸರು ಸೇರಿಸುವಾಗ ಇನ್ನೂ ಹೆಚ್ಚು ಯೋಚಿಸಿ. ಜಿಂಬ್ರಾದಲ್ಲಿ ಫೋಲ್ಡರನ್ನು ಹಂಚುವುದು ಒಂದು ಕಡೆ, ಸೆಂಡ್ ಆ್ಯಸ್ ಮತ್ತು ಪರವಾಗಿ ಕಳಿಸುವ ಡೆಲಿಗೇಟ್ ಪಟ್ಟಿ ಪ್ರಿಫರೆನ್ಸಸ್‌ನ ಅಕೌಂಟ್ಸ್ ಭಾಗದಲ್ಲಿ ಇನ್ನೊಂದು ಕಡೆ.

ದಾಖಲೆ

ಈಗ ಎಲ್ಲರೂ ತಮ್ಮ ಹೆಸರಿನಲ್ಲೇ ಒಳಗೆ ಬರುತ್ತಿದ್ದಾರೆ. ಆದ್ದರಿಂದ ಯಾರು ಕಳಿಸಿದರು, ಯಾರು ಅಳಿಸಿದರು ಎಂಬುದು ಮೈಕ್ರೋಸಾಫ್ಟ್ 365ರ ಆಡಿಟ್ ಲಾಗ್‌ನಲ್ಲಿ ಹೆಸರಿನ ಸಮೇತ ಬೀಳುತ್ತದೆ, ಮೊದಲೇ ಹೊಂದಿಸಿಟ್ಟಂತೆ 180 ದಿನ ಉಳಿಯುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. ಪೀಣ್ಯದ ಆ ಬೆಳಗ್ಗೆ ನಮ್ಮ ಹತ್ತಿರ ಇಂಥ ಒಂದು ಸಾಲು ಇದ್ದಿದ್ದರೆ ಆರು ಮಂದಿ ಅವತ್ತೇ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು.

ವಾಪಸು ಪಡೆಯುವುದು

ಅನುಮತಿಗಳು ಮೂರು ಕಡೆ ಇರುವುದರಿಂದ ತೆಗೆಯುವಾಗಲೂ ಮೂರೂ ಕಡೆ ನೋಡಿ ತೆಗೆಯಬೇಕು. ಫುಲ್ ಆ್ಯಕ್ಸೆಸ್ ತೆಗೆದ ಸ್ವಲ್ಪ ಹೊತ್ತಿಗೆ ಔಟ್‌ಲುಕ್‌ನಿಂದ ಮೇಲ್‌ಬಾಕ್ಸ್ ಮಾಯವಾಗುತ್ತದೆ, ಎಲ್ಲ ಮುಗಿಯಿತು ಎನ್ನಿಸುತ್ತದೆ. ಆದರೆ ಸೆಂಡ್ ಆ್ಯಸ್ ತನ್ನ ಜಾಗದಲ್ಲಿ ಹಾಗೇ ಇರುತ್ತದೆ. ಖರೀದಿಯಿಂದ ಉತ್ಪಾದನೆಗೆ ವರ್ಗವಾದವರು ಬಂದ ಮೇಲ್ ಓದಲಾರರು, ಫ್ರಮ್ ಸಾಲಿನಲ್ಲಿ ಖರೀದಿ ವಿಭಾಗದ ವಿಳಾಸ ಹಾಕಿ ಕಳಿಸಬಲ್ಲರು. ಬೀರುವಿನ ಕೀ ಕಸಿದುಕೊಂಡು ಮೊಹರನ್ನು ಅವರ ಜೇಬಿನಲ್ಲೇ ಬಿಟ್ಟ ಹಾಗೆ.

ಮೂರು ತಿಂಗಳಿಗೊಮ್ಮೆ ಗೆಟ್-ಮೇಲ್‌ಬಾಕ್ಸ್‌ಪರ್ಮಿಷನ್, ಗೆಟ್-ರೆಸಿಪಿಯೆಂಟ್‌ಪರ್ಮಿಷನ್ ಎರಡನ್ನೂ ಓಡಿಸಿ, ಪರವಾಗಿ ಕಳಿಸುವವರ ಪಟ್ಟಿಯನ್ನೂ ತೆಗೆದು, ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಹಾಕಿ. ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆಗಳು ಕಂಡರೆ ಅವು ಖಾತೆ ಅಳಿಸಿಹೋದವರ ಹಳೆಯ ಗುರುತುಗಳು, ಅವನ್ನೂ ತೆಗೆಯಿರಿ. ಉಳಿದ ಹಾಳೆಯನ್ನು ಆಯಾ ವಿಭಾಗದ ಮುಖ್ಯಸ್ಥರಿಗೆ ಕಳಿಸಿ, ಒಂದೊಂದು ಹೆಸರಿನ ಮುಂದೆಯೂ ಇರಲಿ ಅಥವಾ ತೆಗೆಯಿರಿ ಎಂದು ಬರೆಸಿಕೊಳ್ಳಿ. "ಎಲ್ಲ ಸರಿ ಇದೆ ಸರ್" ಎಂಬ ಒಂದೇ ಸಾಲಿನ ಉತ್ತರ ಬಂದರೆ ಹಾಳೆಯನ್ನು ವಾಪಸು ಕಳಿಸಿ, ಹೆಸರು ಹೆಸರಿಗೂ ಉತ್ತರ ಬರೆಯಲು ಕೇಳಿ.